ರೂಟರ್ ಔಟ್‌ಪುಟ್‌ನಿಂದ ಪಠ್ಯ ಹೆಕ್ಕುವಾಗ: ಫೈಲಿನ ಮೇಲೆ ಸಿಗುವ ಸಾಲು ಸ್ಕ್ರಿಪ್ಟಿನಲ್ಲಿ ಏಕೆ ಸಿಗುವುದಿಲ್ಲ?

ಎರಡನೇ_ಪಾಳಿ

ನಮಸ್ಕಾರ. ನಾನು ನೋಡಿಕೊಳ್ಳುವ ಜಾಲದಲ್ಲಿ 140 ರೂಟರ್‌ಗಳಿವೆ. ಎಲ್ಲವೂ ಸಿಸ್ಕೋ ಕಂಪನಿಯ ರೂಟರ್ ತಂತ್ರಾಂಶವಾದ ಐಒಎಸ್ ಮೇಲೆ ನಡೆಯುತ್ತವೆ, ಆದರೆ ಆವೃತ್ತಿಗಳು ಬೇರೆ ಬೇರೆ. ಪ್ರತಿ ರಾತ್ರಿ ಒಂದು ಪೈಥಾನ್ ಸ್ಕ್ರಿಪ್ಟ್ ಪೆಕ್ಸ್‌ಪೆಕ್ಟ್ ಲೈಬ್ರರಿಯ (ಕಮಾಂಡ್ ಕಳಿಸಿ, ಹೇಳಿದ ಪಠ್ಯ ಬರುವವರೆಗೆ ಕಾಯುವಂಥದ್ದು) ಮೂಲಕ ಒಂದೊಂದಕ್ಕೂ ಲಾಗಿನ್ ಆಗಿ, ಮೊದಲು 'ಶೋ ಇಂಟರ್‌ಫೇಸಸ್', ಆಮೇಲೆ 'ಶೋ ಐಪಿ ಇಂಟರ್‌ಫೇಸ್ ಬ್ರೀಫ್' ಕಮಾಂಡ್‌ಗಳನ್ನು ಕೊಟ್ಟು, ಪ್ರತಿ ಪೋರ್ಟ್‌ನ ಸ್ಥಿತಿಯನ್ನೂ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ) ಎಣಿಕೆಯನ್ನೂ ಹೆಕ್ಕಿ ಕೋಷ್ಟಕಕ್ಕೆ ತುಂಬಿಸಬೇಕು.

ಮೊದಲನೆಯ ಕಮಾಂಡ್‌ಗೆ ನಾನು ಬರೆದ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯ ಹುಡುಕುವ ಪ್ಯಾಟರ್ನ್) ಸರಳವಾದದ್ದೇ. ಸಾಲಿನ ಆರಂಭಕ್ಕೆ ^, ಅನಂತರ ಇಂಟರ್‌ಫೇಸ್‌ನ ಹೆಸರು, 'ಲೈನ್ ಪ್ರೋಟೊಕಾಲ್ ಈಸ್' ಎಂಬ ಪದಗಳು, 'ಅಪ್' ಅಥವಾ 'ಡೌನ್', ಕೊನೆಯಲ್ಲಿ ಸ್ಪೇಸ್‌ಗಳಿದ್ದರೂ ನಡೆಯುವಂತೆ ಒಂದು ಅವಕಾಶ, ಆಮೇಲೆ ಸಾಲಿನ ಕೊನೆಗೆ $. ಇವೆರಡೂ ಪ್ರತಿ ಸಾಲಿಗೂ ಅನ್ವಯಿಸುವಂತೆ ಮಲ್ಟಿಲೈನ್ ಆಯ್ಕೆಯನ್ನೂ ಹಾಕಿದ್ದೇನೆ. ಔಟ್‌ಪುಟ್ಟನ್ನು ಫೈಲಿಗೆ ಉಳಿಸಿ, ಆ ಫೈಲನ್ನು ಓದಿ ಪರೀಕ್ಷಿಸಿದರೆ ಎಲ್ಲ ಪೋರ್ಟ್‌ಗಳೂ ಸಿಗುತ್ತವೆ. ಅದೇ ಪ್ಯಾಟರ್ನನ್ನು ರೂಟರ್‌ನಿಂದ ಆಗತಾನೇ ಬಂದ ಪಠ್ಯಕ್ಕೆ ಹಚ್ಚಿದರೆ ಒಂದೂ ಸಿಗುವುದಿಲ್ಲ. ಪರದೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಕಣ್ಣಿಗೆ ಎರಡೂ ಒಂದೇ.

ನಡುವಣ_ಸ್ವಿಚ್

ಕೊನೆಯ $ ತೆಗೆದುಬಿಡಿ. ನನಗೂ ಹೀಗೇ ಆಗಿತ್ತು, ತೆಗೆದ ಮೇಲೆ ಸರಿಹೋಯಿತು.

ಕನ್ಸೋಲ್_ಕೇಬಲ್

$ ತೆಗೆದರೆ ಹೊಂದಿಕೆ ಸಿಗುತ್ತದೆ ಎಂಬುದು ನಿಜ, ಆದರೆ ಅದು ಏಕೆ ಸಿಗುತ್ತಿರಲಿಲ್ಲ ಎಂಬುದು ತಿಳಿಯದೆಯೇ ಉಳಿಯುತ್ತದೆ. ಎರಡನೇ_ಪಾಳಿ ಅವರೇ, ಪರದೆಯ ಮೇಲೆ ಹೋಲಿಸಬೇಡಿ. ಟರ್ಮಿನಲ್ ಎಂಬುದು ನಿಯಂತ್ರಣ ಅಕ್ಷರಗಳನ್ನು ತೋರಿಸುವುದಿಲ್ಲ, ಅವು ಹೇಳಿದಂತೆ ನಡೆದುಕೊಳ್ಳುತ್ತದೆ. ಕಾಣದ ಅಕ್ಷರಗಳನ್ನೂ ಬರೆದು ತೋರಿಸುವ ಪೈಥಾನ್‌ನ ರೆಪ್ರ್ ಫಂಕ್ಷನ್‌ಗೆ ಆ ಪಠ್ಯವನ್ನು ಕೊಟ್ಟು ಮುದ್ರಿಸಿ ನೋಡಿ. ಪ್ರತಿ ಸಾಲಿನ ಕೊನೆಯಲ್ಲಿ ಬರೀ ಲೈನ್ ಫೀಡ್ (ಹೊಸ ಸಾಲಿನ ಅಕ್ಷರ) ಅಲ್ಲ, ಅದರ ಹಿಂದೆ ಒಂದು ಕ್ಯಾರೇಜ್ ರಿಟರ್ನ್ (ಕರ್ಸರನ್ನು ಸಾಲಿನ ಆರಂಭಕ್ಕೆ ಒಯ್ಯುವ ಅಕ್ಷರ) ಕೂಡ, ಅಂದರೆ 13 ಮತ್ತು 10ನೇ ಕೋಡ್‌ಗಳ ಜೋಡಿ ನಿಮಗೆ ಕಾಣಬೇಕು. ಪೈಥಾನ್‌ನ $ ಚಿಹ್ನೆ ಲೈನ್ ಫೀಡ್‌ನ ಹಿಂದಿನ ಜಾಗಕ್ಕೆ ಮಾತ್ರ ಹೊಂದುತ್ತದೆ. ನಿಮ್ಮ 'ಅಪ್' ಪದಕ್ಕೂ ಆ ಜಾಗಕ್ಕೂ ನಡುವೆ ಕ್ಯಾರೇಜ್ ರಿಟರ್ನ್ ಕೂತಿದೆ. ನೀವು ಅವಕಾಶ ಕೊಟ್ಟಿರುವುದು ಸ್ಪೇಸ್‌ಗೆ ಮಾತ್ರ, ಅದಕ್ಕಲ್ಲ.

ಹಾಗಾದರೆ ಫೈಲಿನಲ್ಲಿ ಹೇಗೆ ಸಿಕ್ಕಿತು ಎಂದು ಕೇಳಬಹುದು. ಪೈಥಾನ್ ಒಂದು ಫೈಲನ್ನು ಪಠ್ಯವಾಗಿ ತೆರೆದಾಗ, ನೀವು ಬೇರೆ ಹೇಳದಿದ್ದರೆ, ಈ ಜೋಡಿಯನ್ನು ಓದುವಾಗಲೇ ಒಂದೇ ಲೈನ್ ಫೀಡ್ ಆಗಿ ಬದಲಿಸಿಬಿಡುತ್ತದೆ. ಅಂದರೆ ನೀವು ಪರೀಕ್ಷಿಸಿದ್ದು ರೂಟರ್ ಕಳಿಸಿದ ಪಠ್ಯವನ್ನಲ್ಲ, ಪೈಥಾನ್ ಸದ್ದಿಲ್ಲದೆ ತೊಳೆದುಕೊಟ್ಟ ಪಠ್ಯವನ್ನು.

$ ತೆಗೆಯುವುದಷ್ಟೇ ಪರಿಹಾರ ಎಂದುಕೊಂಡರೆ ಇದೇ ಅಕ್ಷರ ಇನ್ನೊಂದು ಕಡೆ ಕಚ್ಚುತ್ತದೆ. ಸಾಲಿನ ಕೊನೆಯ ಭಾಗವನ್ನು ಚುಕ್ಕೆ-ನಕ್ಷತ್ರದಿಂದ ಹಿಡಿದಿರೆಂದುಕೊಳ್ಳಿ. ಚುಕ್ಕೆಗೆ ಕ್ಯಾರೇಜ್ ರಿಟರ್ನ್ ಕೂಡ ಹೊಂದುವುದರಿಂದ ಅದೂ ನಿಮ್ಮ ವೇರಿಯಬಲ್‌ನೊಳಗೆ ಸೇರುತ್ತದೆ. ಆಮೇಲೆ 'ಅಪ್'ಗೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ, ಮುದ್ರಿಸಿದರೆ ಕರ್ಸರ್ ಸಾಲಿನ ಆರಂಭಕ್ಕೆ ಹಾರಿ ಮುಂದಿನ ಪಠ್ಯ ಹಿಂದಿನದರ ಮೇಲೆಯೇ ಬೀಳುತ್ತದೆ. ಆದ್ದರಿಂದ ಪಠ್ಯ ಬಂದ ಕೂಡಲೇ, ಯಾವ ಪ್ಯಾಟರ್ನ್ ಹಚ್ಚುವುದಕ್ಕೂ ಮೊದಲು, ಒಂದೇ ಕಡೆ ಸಾಲುಕೊನೆಗಳನ್ನು ಸಮಗೊಳಿಸಿ. ಕೆಲವೊಮ್ಮೆ ಎರಡು ಕ್ಯಾರೇಜ್ ರಿಟರ್ನ್‌ಗಳ ಬೆನ್ನಿಗೆ ಒಂದು ಲೈನ್ ಫೀಡ್ ಬರುವುದೂ ಉಂಟು. 'ಒಂದು ಅಥವಾ ಹೆಚ್ಚು ಕ್ಯಾರೇಜ್ ರಿಟರ್ನ್, ನಂತರ ಲೈನ್ ಫೀಡ್' ಎಂಬುದನ್ನು ಒಂದು ಲೈನ್ ಫೀಡ್‌ಗೆ ಬದಲಿಸಿದರೆ ಎರಡೂ ಸರಿಹೋಗುತ್ತವೆ. ಒಂಟಿಯಾಗಿ ಬರುವ ಕ್ಯಾರೇಜ್ ರಿಟರ್ನನ್ನು ಮಾತ್ರ ಕಣ್ಣುಮುಚ್ಚಿ ಅಳಿಸಬೇಡಿ, ಏಕೆಂದರೆ ಅದರ ಅರ್ಥ 'ಈ ಸಾಲಿನ ಮೇಲೆ ಮತ್ತೆ ಬರೆಯುತ್ತಿದ್ದೇನೆ' ಎಂದಿರಬಹುದು.

ಎರಡನೇ_ಪಾಳಿ

ತುಂಬಾ ಧನ್ಯವಾದಗಳು. ರೆಪ್ರ್‌ನಲ್ಲಿ ನೀವು ಹೇಳಿದ ಜೋಡಿಯೇ ಕಾಣಿಸಿತು. ಸಮಗೊಳಿಸಿದ ಮೇಲೆ 'ಶೋ ಇಂಟರ್‌ಫೇಸಸ್' ಸಾಲುಗಳು ಸಿಗುತ್ತಿವೆ.

ಆದರೆ ಈಗ ಕೋಷ್ಟಕವನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಿದಾಗ ಇನ್ನೂ ಮೂರು ವಿಚಿತ್ರಗಳು ಕಂಡವು. ಒಂದು, 6 ರೂಟರ್‌ಗಳಲ್ಲಿ ಬ್ರೀಫ್ ಪಟ್ಟಿಯಿಂದ ಕೆಲವು ಇಂಟರ್‌ಫೇಸ್‌ಗಳು ಮಾಯವಾಗಿವೆ. ಮಾಯವಾದವುಗಳ ನಡುವಿನ ಅಂತರ ಪ್ರತಿ ಸಲವೂ ಒಂದೇ. ಎರಡು, ಬಹುತೇಕ ಎಲ್ಲ ರೂಟರ್‌ಗಳಲ್ಲೂ 'ಅಪ್' ಇರುವವನ್ನೂ 'ಡೌನ್' ಇರುವವನ್ನೂ ಕೂಡಿದರೆ ಒಟ್ಟು ಪೋರ್ಟ್‌ಗಳ ಸಂಖ್ಯೆ ಬರುವುದಿಲ್ಲ. ಮೂರು, ಒಂದು ರೂಟರ್‌ನಲ್ಲಿ ಬ್ರೀಫ್ ಪಟ್ಟಿಯ ಜಾಗದಲ್ಲಿ 'ಶೋ ಇಂಟರ್‌ಫೇಸಸ್'ನ ಅರ್ಧ ಭಾಗ ಬಂದು ಕೂತಿದೆ. ಇದಕ್ಕೂ ಸಾಲುಕೊನೆಗೂ ಸಂಬಂಧವಿದೆಯೇ?

ಹಳೇ_ಟೆಲ್ನೆಟ್

ಸಂಬಂಧವಿಲ್ಲ. ಮೂರೂ ಬೇರೆ ಬೇರೆ ರೋಗಗಳು. ಅಂತರ ಒಂದೇ ಇದೆ ಎಂಬ ನಿಮ್ಮ ಮಾತೇ ಮೊದಲನೆಯದರ ಗುಟ್ಟನ್ನು ಹೇಳಿಬಿಟ್ಟಿದೆ. ಟರ್ಮಿನಲ್‌ನ ರೂಢಿಯ ಎತ್ತರ 24 ಸಾಲು. ಪುಟ ತುಂಬಿದಾಗ ರೂಟರ್ '--ಮೋರ್--' ಎಂದು ತೋರಿಸಿ ನಿಲ್ಲುತ್ತದೆ, ನಿಮ್ಮ ಸ್ಕ್ರಿಪ್ಟ್‌ನಲ್ಲಿ ಎಲ್ಲೋ ಅದನ್ನು ಕಂಡರೆ ಸ್ಪೇಸ್ ಕಳಿಸುವ ಹಳೆಯ ಕೋಡ್ ಇರಬೇಕು.

ಸ್ಪೇಸ್ ಒತ್ತಿದಾಗ ಆ ಪದ ಪರದೆಯಿಂದ ಅಳಿಸಿಹೋದಂತೆ ಕಾಣುತ್ತದೆ, ಆದರೆ ಹರಿವಿನಿಂದ ಏನೂ ಅಳಿಯುವುದಿಲ್ಲ. ರೂಟರ್ ಮಾಡುವುದೇನೆಂದರೆ, ಒಂದು ಸಾಲು ಬ್ಯಾಕ್‌ಸ್ಪೇಸ್‌ಗಳನ್ನು ಕಳಿಸಿ ಕರ್ಸರನ್ನು ಹಿಂದಕ್ಕೆ ಒಯ್ದು, ಸ್ಪೇಸ್‌ಗಳನ್ನು ಕಳಿಸಿ ಪದವನ್ನು ಮುಚ್ಚಿ, ಮತ್ತೆ ಬ್ಯಾಕ್‌ಸ್ಪೇಸ್‌ಗಳಿಂದ ಕರ್ಸರನ್ನು ಸಾಲಿನ ಆರಂಭಕ್ಕೆ ತಂದು, ಅಲ್ಲಿಂದಲೇ ಮುಂದಿನ ಇಂಟರ್‌ಫೇಸ್‌ನ ಸಾಲನ್ನು ಬರೆಯುತ್ತದೆ. ನಡುವೆ ಲೈನ್ ಫೀಡ್ ಇಲ್ಲ. ಹಾಗಾಗಿ ಪ್ರತಿ ಪುಟದ ಮೊದಲ ಇಂಟರ್‌ಫೇಸ್ ನಿಮ್ಮ ಬಫರ್‌ನಲ್ಲಿ (ಬಂದ ಪಠ್ಯ ಕೂಡಿಕೊಳ್ಳುವ ಜಾಗದಲ್ಲಿ) '--ಮೋರ್--' ಮತ್ತು 8ನೇ ಕೋಡ್‌ನ, ಅಂದರೆ ಬ್ಯಾಕ್‌ಸ್ಪೇಸ್, ಅಕ್ಷರಗಳ ಬಾಲಕ್ಕೆ ಅಂಟಿಕೊಂಡಿರುತ್ತದೆ. ಸಾಲಿನ ಆರಂಭ ಕೇಳುವ ^ ಅದನ್ನು ಕೈಬಿಡುತ್ತದೆ. ಪುಟಕ್ಕೊಂದು ಬಲಿ.

ನಡುವಣ_ಸ್ವಿಚ್

ಹಾಗಿದ್ದರೆ ಬ್ಯಾಕ್‌ಸ್ಪೇಸ್ ಅಕ್ಷರವನ್ನು ಖಾಲಿಗೆ ಬದಲಿಸಿದರೆ ಸಾಕಲ್ಲವೇ?

ಹಳೇ_ಟೆಲ್ನೆಟ್

ಸಾಲದು. ಬ್ಯಾಕ್‌ಸ್ಪೇಸ್‌ಗಳು ಹೋದರೂ '--ಮೋರ್--' ಎಂಬ ಪದ ಮತ್ತು ಅದನ್ನು ಮುಚ್ಚಲು ಬಂದ ಸ್ಪೇಸ್‌ಗಳು ಉಳಿಯುತ್ತವೆ. ಪದ, ಬ್ಯಾಕ್‌ಸ್ಪೇಸ್‌ಗಳು, ಸ್ಪೇಸ್‌ಗಳು, ಮತ್ತೆ ಬ್ಯಾಕ್‌ಸ್ಪೇಸ್‌ಗಳು, ಇಷ್ಟನ್ನೂ ಒಂದೇ ಪ್ಯಾಟರ್ನ್‌ನಲ್ಲಿ ಹಿಡಿದು ಒಟ್ಟಿಗೆ ತೆಗೆಯಬೇಕು. ಅದಕ್ಕಿಂತ ಲೇಸು, ಪುಟ ಕಟ್ಟುವುದನ್ನೇ ನಿಲ್ಲಿಸುವುದು: ಲಾಗಿನ್ ಆದ ಕೂಡಲೇ 'ಟರ್ಮಿನಲ್ ಲೆಂತ್ 0'. ಜೂನಿಪರ್ ಕಂಪನಿಯ ಜೂನೋಸ್‌ನಲ್ಲಾದರೆ ಕಮಾಂಡ್‌ನ ಕೊನೆಗೆ ಪೈಪ್ (|) ಹಾಕಿ 'ನೋ-ಮೋರ್' ಎನ್ನುವುದು. ಜೊತೆಗೆ 'ಟರ್ಮಿನಲ್ ವಿಡ್ತ್ 511' ಕೂಡ ಕೊಡಿ. ಇಲ್ಲದಿದ್ದರೆ ಉದ್ದದ ಕಮಾಂಡ್ 80 ಕಾಲಂ ದಾಟಿದಾಗ ರೂಟರ್ ಅದನ್ನು ಎಡಕ್ಕೆ ಸರಿಸಿ, ಎಡತುದಿಯಲ್ಲಿ $ ಹಾಕಿ, ಮತ್ತೆ ಬ್ಯಾಕ್‌ಸ್ಪೇಸ್‌ಗಳನ್ನು ಸುರಿಯುತ್ತದೆ. ಆಗ ಮರಳಿ ಬಂದ ಕಮಾಂಡ್‌ನ ಪ್ರತಿಧ್ವನಿಯನ್ನು ಕತ್ತರಿಸುವ ನಿಮ್ಮ ಕೋಡ್ ತಪ್ಪು ಜಾಗದಲ್ಲಿ ಕತ್ತರಿಸುತ್ತದೆ.

ಎರಡನೇ_ಪಾಳಿ

'ಟರ್ಮಿನಲ್ ಲೆಂತ್ 0' ಅನ್ನು ನಾನು ಮೊದಲಿನಿಂದಲೂ ಕಳಿಸುತ್ತಿದ್ದೇನೆ, ಅದೇ ನನಗೆ ಗೊಂದಲ.

ಕನ್ಸೋಲ್_ಕೇಬಲ್

ಕಳಿಸುತ್ತಿದ್ದೀರಿ. ಅದಕ್ಕೆ ಆ 6 ರೂಟರ್‌ಗಳು ಏನು ಉತ್ತರ ಕೊಟ್ಟವು ಎಂದು ಓದಿದ್ದೀರಾ?

ಎರಡನೇ_ಪಾಳಿ

ಓದಿರಲಿಲ್ಲ. ಈಗ ಓದಿದೆ. ಆರರಲ್ಲೂ ಒಂದೇ ಉತ್ತರ: 'ಕಮಾಂಡ್ ಆಥರೈಸೇಶನ್ ಫೇಲ್ಡ್'. ಸ್ಕ್ರಿಪ್ಟ್ ಬಳಸುವ ಖಾತೆಗೆ ಅಲ್ಲಿ ಆ ಕಮಾಂಡ್‌ನ ಅನುಮತಿಯೇ ಇರಲಿಲ್ಲ. ನನ್ನ ಕೋಡ್ ಕಮಾಂಡ್ ಕಳಿಸಿ, ಪ್ರಾಂಪ್ಟ್ (ರೂಟರ್ ಮುಂದಿನ ಕಮಾಂಡ್‌ಗೆ ಸಿದ್ಧವಿದೆ ಎಂಬ ಗುರುತು) ಬಂದ ಕೂಡಲೇ ಉತ್ತರವನ್ನು ಎಸೆದು ಮುಂದೆ ಹೋಗುತ್ತಿತ್ತು. ಅನುಮತಿ ಕೊಡಿಸಿದ್ದೇನೆ, ಉತ್ತರದಲ್ಲಿ ಶೇಕಡಾ ಚಿಹ್ನೆಯಿಂದ ಶುರುವಾಗುವ ಸಾಲೋ 'ಫೇಲ್ಡ್' ಎಂಬ ಪದವೋ ಕಂಡರೆ ಆ ರೂಟರನ್ನು ಅಲ್ಲಿಯೇ ಬಿಟ್ಟು ದೂರು ಬರೆಯುವಂತೆಯೂ ಮಾಡಿದ್ದೇನೆ.

ಕನ್ಸೋಲ್_ಕೇಬಲ್

ಈಗ ನಿಮ್ಮ ಎರಡನೆಯ ವಿಚಿತ್ರ. ಬ್ರೀಫ್ ಪಟ್ಟಿಯ ಸಾಲನ್ನು ನೀವು ಸ್ಪೇಸ್‌ಗಳಲ್ಲಿ ಒಡೆದು, ಐದನೆಯ ತುಂಡನ್ನು ಸ್ಟೇಟಸ್ ಎಂದೂ ಆರನೆಯದನ್ನು ಪ್ರೋಟೊಕಾಲ್ ಎಂದೂ ತೆಗೆದುಕೊಳ್ಳುತ್ತಿದ್ದೀರಿ ಎಂದು ಊಹಿಸುತ್ತೇನೆ. ಪಟ್ಟಿಯಲ್ಲಿ 6 ಕಾಲಂಗಳಿರುವುದೇನೋ ಸರಿ, ಆದರೆ ಯಾರಾದರೂ ಕೈಯಾರೆ ಮುಚ್ಚಿದ ಪೋರ್ಟ್‌ನ ಸ್ಟೇಟಸ್ 'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಎಂಬ ಎರಡು ಪದಗಳು. ಆ ಸಾಲು 7 ತುಂಡುಗಳಾಗುತ್ತದೆ. ನಿಮ್ಮ ಐದನೆಯ ತುಂಡಿಗೆ 'ಅಡ್ಮಿನಿಸ್ಟ್ರೇಟಿವ್ಲಿ' ಎಂಬುದಷ್ಟೇ ಸಿಗುತ್ತದೆ. ಅದು ಅಪ್‌ನ ಲೆಕ್ಕಕ್ಕೂ ಬರುವುದಿಲ್ಲ, ಡೌನ್‌ನ ಲೆಕ್ಕಕ್ಕೂ ಬರುವುದಿಲ್ಲ. ಆರನೆಯ ತುಂಡಿಗೆ ಸಿಗುವುದು ಸ್ಟೇಟಸ್‌ನ ಉಳಿದರ್ಧವಾದ 'ಡೌನ್'. ಮುಚ್ಚಿದ ಪೋರ್ಟ್‌ನ ಪ್ರೋಟೊಕಾಲ್ ಸಾಮಾನ್ಯವಾಗಿ ಡೌನ್ ಆಗಿಯೇ ಇರುವುದರಿಂದ, ತಪ್ಪು ಜಾಗದಿಂದ ತೆಗೆದ ಉತ್ತರ ಸರಿಯಾದ ಉತ್ತರದ ವೇಷ ಹಾಕಿಕೊಂಡು ಬಂದಿದೆ. ಈ ತಪ್ಪು ವರ್ಷಗಟ್ಟಲೆ ಬದುಕುವುದು ಹೀಗೆ.

ಸ್ಪೇಸ್‌ನಲ್ಲಿ ಒಡೆಯುವ ಬದಲು ಸ್ಟೇಟಸ್‌ಗೆ ಬರಬಹುದಾದ ಬೆಲೆಗಳನ್ನು ಪ್ಯಾಟರ್ನ್‌ನಲ್ಲೇ ಹೆಸರಿಸಿ, ಉದ್ದದ್ದನ್ನು ಮೊದಲು ಬರೆಯಿರಿ. ಇದೇ ಬಗೆಯ ಬಲೆಗಳು ಇನ್ನೂ ಇವೆ. ಬಿಜಿಪಿ (ರೂಟರ್‌ಗಳು ದಾರಿಗಳನ್ನು ಹಂಚಿಕೊಳ್ಳುವ ಪ್ರೋಟೊಕಾಲ್) ಸಮ್ಮರಿಯ ಕೊನೆಯ ಕಾಲಂನಲ್ಲಿ ನೆರೆಯ ರೂಟರ್‌ನೊಂದಿಗೆ ಸಂಪರ್ಕ ಏರ್ಪಟ್ಟಿದ್ದರೆ ಪ್ರಿಫಿಕ್ಸ್‌ಗಳ (ವಿಳಾಸ ಗುಂಪುಗಳ) ಸಂಖ್ಯೆ ಇರುತ್ತದೆ, ಇಲ್ಲದಿದ್ದರೆ 'ಐಡಲ್', 'ಆಕ್ಟಿವ್' ಮುಂತಾದ ಪದ ಇರುತ್ತದೆ. ಅಂಕಿಯನ್ನು ಮಾತ್ರ ನಿರೀಕ್ಷಿಸುವ ಪ್ಯಾಟರ್ನ್‌ಗೆ ಕೆಟ್ಟುಹೋದ ಸಂಪರ್ಕಗಳೇ ಕಾಣುವುದಿಲ್ಲ. ಐಪಿವಿ6 ವಿಳಾಸ ಉದ್ದವಾಗಿದ್ದರೆ ಉಳಿದ ಕಾಲಂಗಳು ಮುಂದಿನ ಸಾಲಿಗೆ ಜಾರುತ್ತವೆ, ಪಕ್ಕದ ಸಾಧನಗಳನ್ನು ಗುರುತಿಸುವ ಸಿಡಿಪಿಯ ನೆರೆಯವರ ಪಟ್ಟಿಯಲ್ಲಿ ಉದ್ದದ ಹೋಸ್ಟ್‌ನೇಮ್‌ಗೂ ಹಾಗೆಯೇ. ಅಪ್‌ಟೈಮ್ ಸಾಲಿನಲ್ಲಿ ವರ್ಷ, ವಾರ, ದಿನಗಳೆಲ್ಲ ಯಾವಾಗಲೂ ಇರುವುದಿಲ್ಲ.

ಹಳೇ_ಟೆಲ್ನೆಟ್

ಮೂರನೆಯದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ಪೆಟ್ಟನ್ನು ನಾನೇ ತಿಂದಿದ್ದೇನೆ. ಆ ರೂಟರ್‌ನ ಯಾವುದಾದರೂ ಇಂಟರ್‌ಫೇಸ್ ಡಿಸ್ಕ್ರಿಪ್ಶನ್‌ನಲ್ಲಿ # ಇದೆಯೇ ನೋಡಿ. ನಿಮ್ಮ ಕೋಡ್ ಪ್ರಾಂಪ್ಟ್‌ಗಾಗಿ ಬರೀ # ಕಾಯುತ್ತಿದ್ದರೆ, 'ಲಿಂಕ್ #2' ಎಂದು ಯಾರೋ ಬರೆದಿಟ್ಟ ಸಾಲು ಬಂದ ಕೂಡಲೇ ಪೆಕ್ಸ್‌ಪೆಕ್ಟ್ 'ಪ್ರಾಂಪ್ಟ್ ಬಂತು' ಎಂದು ಅಲ್ಲಿಯವರೆಗಿನದನ್ನು ನಿಮಗೆ ಕೊಟ್ಟುಬಿಡುತ್ತದೆ. ಉಳಿದರ್ಧ ಬಫರ್‌ನಲ್ಲೇ ಇರುತ್ತದೆ. ನೀವು ಮುಂದಿನ ಕಮಾಂಡ್ ಕಳಿಸಿ ಮತ್ತೆ # ಕಾದಾಗ ಸಿಗುವುದು ಹಿಂದಿನದರ ಉಳಿಕೆ. ಅಲ್ಲಿಂದ ಮುಂದೆ ಎಲ್ಲ ಉತ್ತರಗಳೂ ಒಂದೊಂದು ಹೆಜ್ಜೆ ಹಿಂದೆ. ಇದು ಸಾಲು ಮಾಯವಾಗುವುದಕ್ಕಿಂತ ಅಪಾಯಕಾರಿ. ಮಾಯವಾದದ್ದು ಖಾಲಿ ಕಾಣುತ್ತದೆ, ಇಲ್ಲಿ ಒಂದು ಪ್ರಶ್ನೆಗೆ ಇನ್ನೊಂದರ ಉತ್ತರ ತುಂಬಿಕೊಳ್ಳುತ್ತದೆ.

ಲಾಗಿನ್ ಆದ ಮೇಲೆ ಒಮ್ಮೆ ಖಾಲಿ ಎಂಟರ್ ಕಳಿಸಿ, ನಿಜವಾದ ಪ್ರಾಂಪ್ಟ್ ಏನೆಂದು ಓದಿಕೊಳ್ಳಿ. ಆಮೇಲೆ 'ಲೈನ್ ಫೀಡ್, ತಕ್ಷಣ ಆ ಹೋಸ್ಟ್‌ನೇಮ್, ತಕ್ಷಣ #' ಎಂಬುದನ್ನು ಮಾತ್ರ ಕಾಯಿರಿ. ಕಾನ್ಫಿಗ್ ಮೋಡ್‌ಗೆ ಹೋಗುವವರು ಹೆಸರಿನ ಪೂರ್ತಿ ಉದ್ದವನ್ನು ನಂಬಬೇಡಿ, ಅಲ್ಲಿ ಉದ್ದದ ಹೆಸರು ಕತ್ತರಿಸಲ್ಪಡುತ್ತದೆ. ಪೆಕ್ಸ್‌ಪೆಕ್ಟ್‌ಗೆ ಕೊಡುವ ಪ್ಯಾಟರ್ನ್‌ನ ಕೊನೆಯಲ್ಲಿ $ ಹಾಕಿ ಭದ್ರವಾಯಿತು ಎಂದುಕೊಳ್ಳುವುದೂ ಬೇಡ. ಅಲ್ಲಿ $ ಎಂದರೆ 'ಈವರೆಗೆ ಬಂದದ್ದರ ಕೊನೆ' ಎಂದಷ್ಟೇ, ಮತ್ತು ಪಠ್ಯ ತುಂಡುತುಂಡಾಗಿ ಬರುವಾಗ ಪ್ರತಿ ತುಂಡಿನ ತುದಿಯೂ ಕೊನೆಯೇ.

ಈ ತುಂಡುಗಳ ವಿಷಯ ಬಂದದ್ದರಿಂದ ಒಂದು ಹಳೆಯ ಮಾತು. ಪೆಕ್ಸ್‌ಪೆಕ್ಟ್‌ನ ಮೂಲ, ಡಾನ್ ಲೈಬ್ಸ್ 1990ರಲ್ಲಿ ಹೊರತಂದ, ಟಿಸಿಎಲ್ ಭಾಷೆಯ ಎಕ್ಸ್‌ಪೆಕ್ಟ್. ನಾನು ಅದರಲ್ಲೇ ಬೆಳೆದವನು. ಅದರಲ್ಲಿ 'ಸಿಆರ್‌ಸಿ' ಎಣಿಕೆಗಾಗಿ 'ಒಂದು ಅಥವಾ ಹೆಚ್ಚು ಅಂಕಿಗಳು' ಎಂದು ನೇರವಾಗಿ ಹರಿವಿನ ಮೇಲೆಯೇ ಕಾದಿದ್ದೆ. 1742 ಎಂಬ ಸಂಖ್ಯೆಯ 17 ಮಾತ್ರ ಒಂದು ತುಂಡಿನಲ್ಲಿ ಬಂದರೆ ಪ್ಯಾಟರ್ನ್ 17ಕ್ಕೇ ತೃಪ್ತಿಪಟ್ಟುಕೊಳ್ಳುತ್ತದೆ. ಹತ್ತು ಸಲಕ್ಕೊಮ್ಮೆ ಮಾತ್ರ ತಪ್ಪುತ್ತಿದ್ದುದರಿಂದ ಹಿಡಿಯಲು ಬಹಳ ದಿನ ಬೇಕಾಯಿತು. ಅಂದಿನಿಂದ ನಾನು ಹರಿವಿನ ಮೇಲೆ ಕಾಯುವುದು ಪ್ರಾಂಪ್ಟನ್ನು ಮಾತ್ರ. ಹೆಕ್ಕುವ ಕೆಲಸವೆಲ್ಲ ಪೂರ್ತಿ ಬಂದು ನಿಂತ ಪಠ್ಯದ ಮೇಲೆ. ಟಿಸಿಎಲ್‌ನವರಿಗೆ ಇನ್ನೆರಡು ಎಚ್ಚರಿಕೆ: ಪ್ಯಾಟರ್ನನ್ನು ಎರಡು ಉದ್ಧರಣ ಚಿಹ್ನೆಗಳೊಳಗೆ ಬರೆದರೆ ಚೌಕ ಆವರಣವನ್ನು ಟಿಸಿಎಲ್ ಕಮಾಂಡ್ ಎಂದು ತಿಳಿಯುತ್ತದೆ, ಆದ್ದರಿಂದ ಪುಷ್ಪಾವರಣದೊಳಗೆ ಬರೆಯಿರಿ, ಎಕ್ಸ್‌ಪೆಕ್ಟ್‌ನ ಬಫರ್ ಮಿತಿ ಮೊದಲಿಗೆ 2000 ಬೈಟ್ ಮಾತ್ರ, ಅದನ್ನು ಹೆಚ್ಚಿಸದಿದ್ದರೆ ಉದ್ದದ ಔಟ್‌ಪುಟ್‌ನ ತಲೆಭಾಗ ಉದುರಿಹೋಗುತ್ತದೆ.

ಯಾಂಗ್_ಪಕ್ಷಪಾತಿ

ಇಷ್ಟೆಲ್ಲ ಓದಿದ ಮೇಲೆ ಕೇಳಲೇಬೇಕೆನಿಸುತ್ತದೆ: ಮನುಷ್ಯರ ಕಣ್ಣಿಗಾಗಿ ಜೋಡಿಸಿದ ಪಠ್ಯವನ್ನು ಯಂತ್ರದಿಂದ ಏಕೆ ಓದಿಸಬೇಕು? ಯಂತ್ರಗಳೇ ಜಾಲ ಸಾಧನಗಳೊಂದಿಗೆ ಮಾತಾಡುವ ನೆಟ್‌ಕಾನ್ಫ್ ಪ್ರೋಟೊಕಾಲ್ 2006ರಿಂದಲೂ ಇದೆ, 2011ರಲ್ಲಿ ಆರ್‌ಎಫ್‌ಸಿ (ಇಂಟರ್‌ನೆಟ್ ಮಾನದಂಡದ ದಾಖಲೆ) 6241 ಆಗಿ ಪರಿಷ್ಕೃತವಾಗಿದೆ. ಆ ಮಾಹಿತಿಯ ರಚನೆಯನ್ನು ವಿವರಿಸುವ ಯಾಂಗ್ ಮಾದರಿಗಳು 2010ರಿಂದ ಇವೆ. ಜೂನೋಸ್‌ನಲ್ಲಿ ಕಮಾಂಡ್‌ಗೆ ಪೈಪ್ ಹಾಕಿ 'ಡಿಸ್‌ಪ್ಲೇ ಎಕ್ಸ್‌ಎಂಎಲ್' ಎಂದರೆ ಸಾಕು, ಅರಿಸ್ಟಾದಲ್ಲಿ 'ಜೇಸನ್' ಎಂದರೆ ಸಾಕು. ಪ್ರತಿ ಎಣಿಕೆಯೂ ತನ್ನ ಹೆಸರಿನೊಂದಿಗೆ ಬರುತ್ತದೆ. ಪುಟವಿಲ್ಲ, ಬ್ಯಾಕ್‌ಸ್ಪೇಸ್ ಇಲ್ಲ, ಪ್ರಾಂಪ್ಟ್‌ನ ಗೊಡವೆಯೂ ಇಲ್ಲ.

ಕನ್ಸೋಲ್_ಕೇಬಲ್

ತತ್ವದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ, ಹೊಸದಾಗಿ ಕಟ್ಟುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಇವರ ಬಳಿ ಇರುವ ಹಳೆಯ ಐಒಎಸ್ ಆವೃತ್ತಿಗಳಲ್ಲಿ ಆ ಮಾದರಿಗಳು ಸಿಗುವುದಿಲ್ಲ. ಸಿಆರ್‌ಸಿ ಎಣಿಕೆಯೊಂದೇ ಬೇಕಿದ್ದರೆ ಜಾಲ ಸಾಧನಗಳ ಮೇಲೆ ನಿಗಾ ಇಡುವ ಎಸ್‌ಎನ್‌ಎಂಪಿ ಪ್ರೋಟೊಕಾಲ್‌ನ ಈಥರ್‌ಲೈಕ್ ಎಂಐಬಿ ಎಂಬ ಮಾಹಿತಿಪಟ್ಟಿಯಲ್ಲಿ (ಆರ್‌ಎಫ್‌ಸಿ 3635) ಎಫ್‌ಸಿಎಸ್ ದೋಷಗಳ, ಅಂದರೆ ಈಥರ್‌ನೆಟ್‌ನ ಸಿಆರ್‌ಸಿ ದೋಷಗಳ, ಎಣಿಕೆ ಅಂಕಿಯಾಗಿಯೇ ಸಿಗುತ್ತದೆ, ಅದನ್ನು ಪರಿಶೀಲಿಸಬಹುದು. ಪಠ್ಯವನ್ನೇ ಓದಬೇಕಾದ ಕಡೆ ಇಂಥ ಪಠ್ಯವನ್ನು ಕೋಷ್ಟಕವಾಗಿಸುವ ಪೈಥಾನ್ ಲೈಬ್ರರಿ ಟೆಕ್ಸ್ಟ್‌ಎಫ್‌ಎಸ್‌ಎಂನ ಟೆಂಪ್ಲೇಟ್ ನೋಡಿ. ಅದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು, ಕೊನೆಯ ನಿಯಮವಾಗಿ 'ಮೇಲಿನ ಯಾವುದಕ್ಕೂ ಹೊಂದದ ಸಾಲು ಬಂದರೆ ಎರರ್' ಎಂದು ಬರೆಯುವ ಅವಕಾಶ. ಹೊಸ ಆವೃತ್ತಿಯಲ್ಲಿ ಒಂದು ಸಾಲು ಬದಲಾದರೆ ಅದು ಆ ರಾತ್ರಿಯೇ ಕೂಗಿಕೊಳ್ಳುತ್ತದೆ.

ರೂಟರ್‌ಗಳಿಗೆ ಲಾಗಿನ್ ಆಗುವ ನೆಟ್‌ಮಿಕೋ ಲೈಬ್ರರಿಯ ಮೂಲಕ ಅದನ್ನು ಬಳಸುವುದಾದರೆ ಒಂದು ಎಚ್ಚರ ಬೇಕು. ಆ ಕಮಾಂಡ್‌ಗೆ ಟೆಂಪ್ಲೇಟ್ ಸಿಗದಿದ್ದರೆ ಅದು ಸುಮ್ಮನೆ ಹಸಿ ಪಠ್ಯವನ್ನೇ ಹಿಂದಿರುಗಿಸುತ್ತದೆ. ನೀವು ಸಾಲುಗಳ ಪಟ್ಟಿ ಎಂದು ಲೂಪ್ ಹಾಕಿದರೆ ಒಂದೊಂದೇ ಅಕ್ಷರ ಬರುತ್ತದೆ. ಸಿಕ್ಕದ್ದು ಪಟ್ಟಿಯೋ ಸ್ಟ್ರಿಂಗೋ ಎಂದು ಮೊದಲು ಕೇಳಿ.

ಇನ್ನೊಂದು ಪ್ರಶ್ನೆ: ಹೊಂದಿಕೆ ಸಿಗದಿದ್ದಾಗ ನಿಮ್ಮ ಕೋಷ್ಟಕದಲ್ಲಿ ಸಿಆರ್‌ಸಿ ಜಾಗಕ್ಕೆ ಏನು ಬರೆಯುತ್ತೀರಿ?

ಎರಡನೇ_ಪಾಳಿ

ಸೊನ್ನೆ.

ಬರೆಯುವಾಗಲೇ ಅರ್ಥವಾಯಿತು. 'ದೋಷವಿಲ್ಲ' ಎಂಬುದಕ್ಕೂ 'ಓದಲಾಗಲಿಲ್ಲ' ಎಂಬುದಕ್ಕೂ ನಾನು ಒಂದೇ ಅಂಕಿ ಕೊಟ್ಟಿದ್ದೆ. ಸಾಲುಕೊನೆಯ ತಪ್ಪಿನಿಂದ ಏನೂ ಓದದೆ ಇದ್ದ ರಾತ್ರಿಗಳಲ್ಲಿ ನನ್ನ ವರದಿ ಅತ್ಯಂತ ಆರೋಗ್ಯವಂತವಾಗಿ ಕಾಣುತ್ತಿತ್ತು. ಅದನ್ನು ನೋಡಿ ನಾನು ಸಂತೋಷಪಟ್ಟದ್ದೂ ಇದೆ.

ಎರಡನೇ_ಪಾಳಿ

ನಾಲ್ಕು ದಿನಗಳ ನಂತರದ ವರದಿ. ಆ ಒಂದು ರೂಟರ್‌ನಲ್ಲಿ ಡಿಸ್ಕ್ರಿಪ್ಶನ್‌ನ # ಸಿಕ್ಕಿತು. ಪ್ರಾಂಪ್ಟ್ ಪ್ಯಾಟರ್ನ್ ಬದಲಿಸಿದೆ. ಡಿಸ್ಕ್ರಿಪ್ಶನ್‌ ಹಾಗೆಯೇ ಇದೆ, ಅದು ತಪ್ಪೇನೂ ಮಾಡಿರಲಿಲ್ಲ. ಸ್ಟೇಟಸ್ ಲೆಕ್ಕ ಈಗ ಕೂಡುತ್ತದೆ. ಬ್ರೀಫ್ ಪಟ್ಟಿಯಲ್ಲಿ ಶೀರ್ಷಿಕೆ ಬಿಟ್ಟು ಖಾಲಿಯಲ್ಲದ ಸಾಲುಗಳು ಎಷ್ಟಿವೆಯೋ ಅಷ್ಟೇ ದಾಖಲೆಗಳು ಹೊರಬಂದಿವೆಯೇ ಎಂದು ಪ್ರತಿ ರೂಟರ್‌ಗೂ ತಾಳೆ ನೋಡುತ್ತೇನೆ. ಬಾರದಿದ್ದರೆ ಆ ರೂಟರ್‌ನ ಎದುರು 'ಓದಲಾಗಲಿಲ್ಲ' ಎಂದು ಬರುತ್ತದೆ, ಸೊನ್ನೆ ಬರುವುದಿಲ್ಲ. ಮೊದಲ ರಾತ್ರಿಯೇ 3 ಪೋರ್ಟ್‌ಗಳಲ್ಲಿ ಸಿಆರ್‌ಸಿ ಎಣಿಕೆ ಏರುತ್ತಿರುವುದು ಕಂಡಿತು. ಅವು ಎಂದಿನಿಂದ ಏರುತ್ತಿದ್ದವು ಎಂದು ಹೇಳಲು ನನ್ನ ಹಳೆಯ ವರದಿಗಳು ಉಪಯೋಗಕ್ಕೆ ಬರುವುದಿಲ್ಲ.

ಒಂದು ಕೊನೆಯ ಪ್ರಶ್ನೆ. ಪರೀಕ್ಷೆಗಾಗಿ ಈ ಔಟ್‌ಪುಟ್‌ಗಳನ್ನು ಉಳಿಸಿಡಬೇಕೆಂದಿದ್ದೇನೆ. ಮತ್ತೆ ಮೊದಲಿನ ತಪ್ಪೇ ಆಗದಂತೆ ಹೇಗೆ ಉಳಿಸಲಿ?

ಕನ್ಸೋಲ್_ಕೇಬಲ್

ಬೈನರಿಯಾಗಿ ಬರೆಯಿರಿ, ಬೈನರಿಯಾಗಿ ಓದಿ, ಓದಿದ ಮೇಲೆ ನಿಮ್ಮದೇ ಸಮಗೊಳಿಸುವ ಫಂಕ್ಷನ್ ಮೂಲಕವೇ ಹಾಯಿಸಿ. ಸಮಗೊಳಿಸುವುದಕ್ಕೆ ಮೊದಲಿನ ಪ್ರತಿಯನ್ನು ಉಳಿಸಿ, ನಂತರದ್ದನ್ನಲ್ಲ. '--ಮೋರ್--' ಇದ್ದ ಆ ಹಳೆಯ ಔಟ್‌ಪುಟ್ ಇನ್ನೂ ಇದ್ದರೆ ಅಳಿಸಬೇಡಿ, ಅದು ಒಳ್ಳೆಯ ಪರೀಕ್ಷೆ. ಹೋಸ್ಟ್‌ನೇಮ್ ಮತ್ತು ವಿಳಾಸಗಳನ್ನು ಬದಲಿಸುವಾಗ ಅಷ್ಟೇ ಉದ್ದದ ಹೆಸರು ಹಾಕಿ, ಇಲ್ಲದಿದ್ದರೆ ಕಾಲಂಗಳು ಸರಿದುಹೋಗುತ್ತವೆ. ವಿಂಡೋಸ್‌ನ ಪವರ್‌ಶೆಲ್ 5.1ರಲ್ಲಿ > ಚಿಹ್ನೆಯಿಂದ ಫೈಲಿಗೆ ಹರಿಸಬೇಡಿ, ಅದು ಯುಟಿಎಫ್-16 ಆಗಿ ಬರೆಯುತ್ತದೆ, ಆಗ ಪದ ಹುಡುಕುವ ಗ್ರೆಪ್ ಕಮಾಂಡ್‌ಗೆ ಒಂದು ಪದವೂ ಸಿಗುವುದಿಲ್ಲ.

ಎರಡನೇ_ಪಾಳಿ

ಆ ಹಳೆಯ ಔಟ್‌ಪುಟ್ ಇದೆ. ಆರೂ ರೂಟರ್‌ಗಳದ್ದನ್ನೂ ಈಗಲೇ ತೆಗೆದಿಡುತ್ತೇನೆ.